ಫ್ರಿಜ್ಜಿನ ಮೇಲಿನ ಲೋಟ

ಡಿಪೋದಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ನಿಧಾನಣ್ಣ. ತಲೆಕೂದಲು ಕಪ್ಪಗಿದ್ದ ಕಾಲದಿಂದ ಸಿಟಿ ಬಸ್ಸು ಓಡಿಸುತ್ತಿದ್ದರೂ ಒಂದು ಸೈಕಲ್ಲಿಗೂ ತಾಗಿಸಿದವನಲ್ಲ. "ಇವನ ಬಸ್ಸು ಹತ್ತಿದ ಬಸುರಿ ಇಳಿಯೋ ಹೊತ್ತಿಗೆ ಬಾಣಂತಿ ಆಗಿರ್ತಾಳೆ" ಎಂದು ಕಂಡಕ್ಟರ್ ಆಡಿಕೊಂಡು ನಗುತ್ತಿದ್ದ. ನಿಧಾನಣ್ಣನೂ ನಗುತ್ತಿದ್ದ, ಆದರೆ ನಗುತ್ತಲೇ ಕೈಬ್ರೇಕು ಎಳೆದಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದ. ಹುಟ್ಟಾ ಪುಕ್ಕಲು ಜೀವ. ಮನೆಗೆ ಬೀಗ ಹಾಕಿ ಮೂರು ಮಹಡಿ ಇಳಿದ ಮೇಲೆ, ಹಾಕಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿ, ಮತ್ತೆ ಮೂರು ಮಹಡಿ ಹತ್ತುವವನು. ಮದುವೆಯ ಮಾತು ಬಂದಾಗಲೂ ಅಷ್ಟೇ. ಮುಂದಿನ ಸ್ಟಾಪಿನಲ್ಲಿ ನೋಡೋಣ, ಮುಂದಿನ ಸ್ಟಾಪಿನಲ್ಲಿ ನೋಡೋಣ ಎನ್ನುತ್ತ ಎನ್ನುತ್ತ ಕೊನೆಯ ಸ್ಟಾಪು ಬಂದೇಬಿಟ್ಟಿತ್ತು.

ಇಷ್ಟೊಂದು ಹುಷಾರಿನ ಮನುಷ್ಯ ತನ್ನ ಕೈಯಾರೆ ಒಂದು ಜೀವವನ್ನು ಸಾವಿನ ಬಾಗಿಲಿಗೆ ತಂದಿಟ್ಟ ಸಂಜೆಯ ಕತೆ ಇದು.

ಆ ಜೀವದ ಹೆಸರು ದೊರೆ. ಬೂದು ಬಣ್ಣದ ಗಂಡು ಬೆಕ್ಕು, ಎದೆಯ ಮೇಲೆ ಬಿಳಿ ಮಚ್ಚೆ. ಅಮ್ಮ ಅದನ್ನು ಮೆಟ್ಟಿಲ ಕೆಳಗಿನಿಂದ ಟವೆಲಿನಲ್ಲಿ ಸುತ್ತಿ ತಂದಾಗ ಅಂಗೈಯಷ್ಟಿತ್ತು. ಕರೆದರೆ ಬಾರದು, ಬಂದರೆ ಏಳದು, ಬಟ್ಟಲು ಮುಂದಿಟ್ಟರೆ ಮೊದಲು ಇಟ್ಟವರ ಮುಖವನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡದೆ ಬಾಯಿ ಹಾಕದು. "ಇದು ಬೆಕ್ಕಲ್ಲ, ಯಾವುದೋ ದೊರೆ" ಎಂದಳು ಅಮ್ಮ. ಅದೇ ಹೆಸರಾಯಿತು. ಅಮ್ಮನ ಲೆಕ್ಕದಲ್ಲಿ ದೊರೆ ಅವಳ ಕಿರಿಮಗ. ಗಂಡ ತೀರಿಕೊಂಡ ಮೇಲೆ ಈ ಮನೆಗೇ ವಾಪಸು ಬಂದಿದ್ದ ಅಕ್ಕನ ಲೆಕ್ಕದಲ್ಲಿ ದೊರೆ ಅವಳ ಮಗ, ಹಾಗಾಗಿ ನಿಧಾನಣ್ಣ ಬೆಕ್ಕಿಗೆ ಮಾವ. ನಿಧಾನಣ್ಣನ ಲೆಕ್ಕದಲ್ಲಿ ಅದು ತನ್ನ ಮಗ, ಹಾಗಾಗಿ ಅಕ್ಕ ಬೆಕ್ಕಿಗೆ ಅತ್ತೆ. ಈ ನಂಟಸ್ತಿಕೆಯ ಜಗಳ ಮನೆಯಲ್ಲಿ ಎಂದೂ ಇತ್ಯರ್ಥವಾಗಲಿಲ್ಲ. ದೊರೆ ಮಾತ್ರ ಮೂವರ ಮಡಿಲಲ್ಲೂ ಮಲಗಿ, ಮೂವರ ತಟ್ಟೆಗೂ ಮೂತಿ ಹಾಕಿ, ಯಾರ ಮಗನೂ ಆಗದೆ ಸುಖವಾಗಿತ್ತು.

ಅಮ್ಮ ಹೋದಳು. ಅದು ಹೇಗಾಯಿತೆಂದು ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಅಲ್ಲಿಂದಲೇ ಬಂದದ್ದು. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು, ಜೊತೆಗೆ ಹೃದಯವೂ ಸೋತಿತ್ತು. ಅವಳಿಗೆ ಎದೆನೋವು ಬಂದ ಮಧ್ಯಾಹ್ನ ಅಕ್ಕ ಒಬ್ಬಳೇ ಮನೆಯಲ್ಲಿದ್ದಳು. ತಮ್ಮನಿಗೆ ಫೋನಿನ ಮೇಲೆ ಫೋನು ಮಾಡಿದಳು. ತಮ್ಮ ತುಂಬಿದ ಬಸ್ಸಿನ ಸ್ಟಿಯರಿಂಗ್ ಹಿಡಿದಿದ್ದ. ಫೋನು ಸೀಟಿನ ಹಿಂದಿನ ಚೀಲದಲ್ಲಿ ಸದ್ದಿಲ್ಲದೆ ಬೆಳಗಿ ಆರುತ್ತಿತ್ತು. ಅವನು ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಯಾರೂ ಅವನನ್ನು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಅವನ ಎದೆಯೊಳಗೆ ಹಾಗೇ ಕೂತಿತ್ತು.

ಅದಾಗಿ ಒಂದು ವರ್ಷದ ಮೇಲೆ ನಿಧಾನಣ್ಣ ಒಂದು ದಿನ ಬಟ್ಟೆ ಒಣಹಾಕಿ ಬಾಲ್ಕನಿಯ ಬಾಗಿಲು ಹಾಕುವುದನ್ನು ಮರೆತ. ಮೂರು ಮಹಡಿ ಹತ್ತಿಳಿದು ಬೀಗ ನೋಡುವವನು ಅದೊಂದನ್ನು ಮರೆತ. ದೊರೆ ಪಕ್ಕದ ಕಟ್ಟಡದ ಕಿಟಕಿಯ ಸಜ್ಜೆಗೆ ಹಾರಿ, ಇಳಿಯಲಾರದೆ, ಒಂದು ಹಗಲೆಲ್ಲ ಕಾಣೆಯಾಯಿತು. ಕೊನೆಗೆ ಏಣಿ ತಂದು ಇಳಿಸಿದರು. ಅಕ್ಕ ಬೆಕ್ಕನ್ನು ಎದೆಗವಚಿಕೊಂಡು, ಮೆಟ್ಟಿಲ ಮೇಲೆ ನೆರೆಹೊರೆಯವರೆಲ್ಲ ನಿಂತಿರುವಾಗಲೇ ಹೇಳಿದಳು:

"ಅಮ್ಮನ್ನ ನೋಡ್ಕೊಂಡ ಹಾಗೇ ಇದನ್ನೂ ನೋಡ್ಕೊಂಡೆ ನೀನು."

ಸಿಟ್ಟಿನ ಭರದಲ್ಲಿ ಬಂದ ಮಾತು. ಬಂದ ಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವಂತಾಗಿರಬೇಕು. ಆದರೆ ನಿಧಾನಣ್ಣ ತಿರುಗಿ ಒಂದು ಮಾತೂ ಆಡದೆ ಒಳಗೆ ಹೋದ. ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟ. ಅವನು ಬಿಟ್ಟ ಮೇಲೆ ತಾನು ಸೋಲುವುದೇ ಎಂದು ಅವಳೂ ಬಿಟ್ಟಳು. ಒಬ್ಬರಿಗಿಂತ ಒಬ್ಬರು ಹಠಮಾರಿಗಳು. ಅಮ್ಮ ಇದ್ದಿದ್ದರೆ ಇಬ್ಬರ ಕಿವಿಯನ್ನೂ ಹಿಂಡುತ್ತಿದ್ದಳು.

ಒಂದೇ ಮನೆಯಲ್ಲಿದ್ದು ಮಾತಿಲ್ಲದೆ ಬದುಕುವುದು ಸುಲಭವಲ್ಲ. ಅದಕ್ಕೆ ದೊರೆ ನಡುವೆ ಬಂತು. "ದೊರೆ, ನಿನ್ನ ಮಾವನಿಗೆ ಹೇಳು, ಒದ್ದೆ ಟವೆಲು ಕುರ್ಚಿ ಮೇಲೆ ಹಾಕಬಾರದಂತೆ." "ದೊರೆ, ನಿಮ್ಮತ್ತೆಗೆ ಹೇಳು, ಗೀಸರ್ ರಿಪೇರಿಯವನು ನಾಳೆ ಬರ್ತಾನಂತೆ." ಬೆಕ್ಕು ಇಬ್ಬರ ಮುಖವನ್ನೂ ನೋಡಿ ಆಕಳಿಸುತ್ತಿತ್ತು. ಸುದ್ದಿ ಮುಟ್ಟುತ್ತಿತ್ತು, ಮಾತು ಮಾತ್ರ ಆಗುತ್ತಿರಲಿಲ್ಲ.

ಈ ಮುನಿಸಿನಲ್ಲಿ ಲಾಭ ಮಾಡಿಕೊಂಡದ್ದು ದೊರೆ ಒಂದೇ. ಅಕ್ಕ ಬೆಳಿಗ್ಗೆ ಮೀನು ಹಾಕಿದರೆ ತಮ್ಮ ಮತ್ತೊಮ್ಮೆ ಕೋಳಿ ಬೇಯಿಸಿ ಹಾಕುತ್ತಿದ್ದ. ತನ್ನ ಮೇಲೆ ಪ್ರೀತಿ ಹೆಚ್ಚಿರಲಿ ಎಂಬ ಆಸೆ ಇಬ್ಬರಿಗೂ. ಇಬ್ಬರ ಬಟ್ಟಲನ್ನೂ ನೆಕ್ಕಿ ನೆಕ್ಕಿ ದೊರೆ ದಿಂಬಿನಂತಾಯಿತು; ಫ್ರಿಜ್ಜಿನ ಮೇಲೆ ಹಾರುತ್ತಿದ್ದದ್ದು ಸೋಫಾ ಹತ್ತಲೂ ಏದುಸಿರು ಬಿಡತೊಡಗಿತು. ಆಮೇಲೆ ಒಂದೇ ಸಮನೆ ನೀರು ಕುಡಿಯಲು ಶುರುಮಾಡಿತು. ಅಕ್ಕ ತಮ್ಮ ಒಂದೇ ಟ್ಯಾಕ್ಸಿಯಲ್ಲಿ, ಆಚೆ ಕಿಟಕಿ ಅವಳು, ಈಚೆ ಕಿಟಕಿ ಇವನು ನೋಡುತ್ತ, ಬೆಕ್ಕಿನ ಡಾಕ್ಟರಮ್ಮನ ಹತ್ತಿರ ಹೋದರು. ರಕ್ತ ಪರೀಕ್ಷೆ ಆಯಿತು. ಸಕ್ಕರೆ ಕಾಯಿಲೆ.

ಇನ್ಸುಲಿನ್ ಶೀಶೆ ಮತ್ತೆ ಆ ಮನೆಯ ಫ್ರಿಜ್ಜಿಗೆ ಬಂತು. ಬಾಗಿಲಿನ ಅದೇ ಗೂಡಿನಲ್ಲಿ ಕೂತಿತು, ಅಮ್ಮನ ಶೀಶೆ ಕೂರುತ್ತಿದ್ದಲ್ಲಿ. ಬೆಳಿಗ್ಗೆ ಆರಕ್ಕೊಂದು ಸೂಜಿ, ಸಂಜೆ ಆರಕ್ಕೊಂದು. ನಿಧಾನಣ್ಣ ಮೊದಲ ಪಾಳಿಗೆ ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದುದರಿಂದ ಬೆಳಗಿನದು ಅಕ್ಕನಿಗೆ ಬಿತ್ತು. ಸಂಜೆ ಅವನು ಮನೆಯಲ್ಲಿರುತ್ತಿದ್ದ. ಅಕ್ಕ ಸಿನಿಮಾ ಮಂದಿರದ ಟಿಕೆಟ್ ಕೌಂಟರಿಗೆ ಹೊರಡುವ ಹೊತ್ತು ಅದು. ಸಂಜೆಯದು ಅವನಿಗೆ.

ಆದರೆ ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಾಗಬೇಕಲ್ಲ? ಅದಕ್ಕೆ ಅಮ್ಮನೇ ಮಾಡಿಟ್ಟ ಉಪಾಯವಿತ್ತು. ಮಕ್ಕಳಿಬ್ಬರ ಪಾಳಿ ಅದಲುಬದಲಾಗಿ ಸೂಜಿಯ ಗೊಂದಲ ಆಗಬಾರದೆಂದು ಅವಳು ತನ್ನ ಸ್ಟೀಲ್ ಲೋಟವನ್ನು ಫ್ರಿಜ್ಜಿನ ಮೇಲೆ ಇಡಿಸುತ್ತಿದ್ದಳು. ಬೆಳಗಿನ ಸೂಜಿ ಆದರೆ ಲೋಟ ಬೋರಲು. ಸಂಜೆಯದು ಆದರೆ ಲೋಟ ನೆಟ್ಟಗೆ. ಮಾತಿಲ್ಲದ ಈ ಮನೆಯಲ್ಲಿ ಒಂದು ಮುಂಜಾನೆ ಆ ಲೋಟ ಮತ್ತೆ ಫ್ರಿಜ್ಜಿನ ಮೇಲೆ ಬೋರಲು ಕೂತಿತ್ತು. ಸಂಜೆ ನಿಧಾನಣ್ಣ ಅದನ್ನು ನೋಡಿ, ಸೂಜಿ ಹಾಕಿ, ನೆಟ್ಟಗೆ ಮಾಡಿಟ್ಟ. ಯಾರೂ ಯಾರನ್ನೂ ಕೇಳಲಿಲ್ಲ. ಲೋಟ ಸರಿಯಾಗಿ ಕೆಲಸ ಮಾಡಿತು. ದೊರೆಯ ಮೈ ಇಳಿಯಿತು, ಮತ್ತೆ ಫ್ರಿಜ್ಜಿನ ಮೇಲೆ ಹಾರುವಷ್ಟು ಚುರುಕಾಯಿತು. ಆ ಚುರುಕೇ ಮುಂದೆ ಎಡವಟ್ಟಿಗೆ ಕಾರಣವಾಯಿತು.

ಆ ದಿನ ಎರಡನೆಯ ಪಾಳಿಯ ಡ್ರೈವರ್ ಬರಲಿಲ್ಲ. ನಿಧಾನಣ್ಣನಿಗೇ ಇನ್ನೊಂದು ಸುತ್ತು ಹೊಡೆಯಬೇಕಾಯಿತು. ಸ್ಟಿಯರಿಂಗ್ ಹಿಡಿದವನ ಮನಸ್ಸೆಲ್ಲ ಗಡಿಯಾರದ ಮೇಲೆ. ಆರು ಹೊಡೆದಾಗ ಅವನು ಊರಿನ ಇನ್ನೊಂದು ತುದಿಯ ಸೇತುವೆಯ ಮೇಲೆ, ಮುಂದೆ ಲಾರಿ, ಹಿಂದೆ ಲಾರಿ, ನಡುವೆ ಬಸ್ಸು. ಏಳು ದಾಟಿದ ಮೇಲೆ ಮನೆ ಮುಟ್ಟಿದ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ, ಅವನ ಜನ್ಮದಲ್ಲೇ ಮಾಡದ ಕೆಲಸ.

ಅಕ್ಕ ಇರಲಿಲ್ಲ, ಕೌಂಟರಿಗೆ ಹೋಗಿದ್ದಳು. ಫ್ರಿಜ್ಜಿನ ಮೇಲೆ ಲೋಟ ಇರಲಿಲ್ಲ. ಅಲ್ಲಿ ದೊರೆ ಇತ್ತು, ಕಾಲು ಮಡಚಿ, ಏನೂ ಅರಿಯದ ಮುಖ ಮಾಡಿಕೊಂಡು. ಲೋಟ ಕೆಳಗೆ ನೆಲದಲ್ಲಿ, ಗ್ಯಾಸ್ ಒಲೆಯ ಕಟ್ಟೆಯ ಬುಡದಲ್ಲಿ ಅಡ್ಡಬಿದ್ದಿತ್ತು. ಬೋರಲೂ ಅಲ್ಲ, ನೆಟ್ಟಗೂ ಅಲ್ಲ.

ಅಕ್ಕ ಹಾಕಿದಳೋ, ಇಲ್ಲವೋ?

ಸಂಜೆಯದು ನನ್ನ ಪಾಳಿ, ಅವಳೇಕೆ ಹಾಕುತ್ತಾಳೆ ಎಂದುಕೊಂಡ. ಮರುಕ್ಷಣವೇ, ನಾನು ಇಷ್ಟು ತಡವಾಗಿ ಬಂದದ್ದೂ ಇಲ್ಲವಲ್ಲ, ಕಾದು ನೋಡಿ ಹಾಕಿದ್ದರೆ ಎಂದೂ ಅನಿಸಿತು. ಬಳಸಿದ ಸೂಜಿಗಳ ಡಬ್ಬಿ ಅಲ್ಲಾಡಿಸಿ ನೋಡಿದ. ಒಂದರಂತೆ ಇನ್ನೊಂದು, ಇವತ್ತಿನದು ಯಾವುದು ನಿನ್ನೆಯದು ಯಾವುದು ಎಂದು ಅದೇನು ಬಾಯಿಬಿಟ್ಟು ಹೇಳುತ್ತದೆಯೇ? ಬಟ್ಟಲು ನೋಡಿದ, ಖಾಲಿ. ದೊರೆಯ ಬಟ್ಟಲು ಯಾವತ್ತು ಖಾಲಿ ಇರಲಿಲ್ಲ?

ಫೋನು ತೆಗೆದ. ಅಕ್ಕನ ನಂಬರು ಪರದೆಯ ಮೇಲೆ ಬಂತು. ಹೆಬ್ಬೆರಳು ಅದರ ಮೇಲೆಯೇ ನಿಂತಿತು.

ಇಲ್ಲೇ, ನೋಡಿ, ಇಡೀ ಕತೆ ನಿಂತಿರುವುದು. ಒಂದು ಫೋನು, ಅದರಲ್ಲಿ ಒಂದು ಮಾತು. ಆದರೆ ಫೋನು ಮಾಡಿದರೆ ಮೊದಲು ಮಾತಾಡಿದವನು ನಾನಾಗುತ್ತೇನೆ. ಅದೂ ಏನೆಂದು? ತಡವಾಗಿ ಬಂದೆ, ನನ್ನ ಪಾಳಿ ತಪ್ಪಿಸಿದೆ ಎಂದು. ಆ ಕಡೆಯಿಂದ ಮತ್ತೆ ಅದೇ ಮಾತು ಬಂದರೆ? ಹತ್ತು ತಿಂಗಳಿಂದ ಕಿವಿಯಲ್ಲಿ ಕೂತಿರುವ ಮಾತು, ಇನ್ನೊಮ್ಮೆ ಕೇಳುವ ಶಕ್ತಿ ಅವನಿಗಿರಲಿಲ್ಲ. ಈಗ ಆಟ ಶುರುವಾಗುವ ಹೊತ್ತು, ಅವಳು ಕೌಂಟರಿನಲ್ಲಿ ಫೋನು ಎತ್ತುವುದಿಲ್ಲ ಎಂದು ತನಗೇ ಹೇಳಿಕೊಂಡ. ಎಂಥ ಮನುಷ್ಯನಿಗೂ ಇಂಥ ಹೊತ್ತಿನಲ್ಲಿ ಒಂದು ನೆಪ ಸಿಕ್ಕೇ ಸಿಗುತ್ತದೆ. ಫೋನು ಜೇಬಿಗೆ ಹೋಯಿತು.

ಬಟ್ಟಲಿಗೆ ಕೋಳಿಯ ಚೂರು ಹಾಕಿ ಇಟ್ಟ. ದೊರೆ ಇಳಿದು ಬಂತು, ಮೂಸಿತು, ಎರಡು ಚೂರು ತಿಂದು ಮುಖ ತಿರುಗಿಸಿತು. ಅವನಿಗೆ ಅಲ್ಲೇ ಹೊಳೆಯಬೇಕಿತ್ತು. ಸೆಕೆಗೆ ಹಸಿವಿಲ್ಲವೇನೋ ಎಂದುಕೊಂಡ. ಬೆಕ್ಕಿನ ಕುತ್ತಿಗೆಯ ಹಿಂದಿನ ಚರ್ಮ ಎತ್ತಿ, ಅಮ್ಮನಿಗೆ ಹಾಕುತ್ತಿದ್ದಷ್ಟೇ ಮೆಲ್ಲಗೆ, ಸೂಜಿ ಹಾಕಿದ. ಲೋಟ ತೊಳೆದು, ಒರೆಸಿ, ಫ್ರಿಜ್ಜಿನ ಮೇಲೆ ನೆಟ್ಟಗೆ ಇಟ್ಟ. ನೆಮ್ಮದಿ ಆಗಬೇಕಿತ್ತು, ಆಗಲಿಲ್ಲ. ಎರಡು ಸಲ ಹೋಗಿ ಲೋಟವನ್ನು ನೋಡಿ ಬಂದ.

ಅವನು ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದಾಗ ದೊರೆ ಸೋಫಾದಿಂದ ಇಳಿಯಿತು. ಇಳಿದ ರೀತಿಯೇ ಸರಿ ಇರಲಿಲ್ಲ. ಮುಂಗಾಲು ಊರಿತು, ಹಿಂಗಾಲು ಅದರ ಮಾತು ಕೇಳಲಿಲ್ಲ. ಪಂಕ್ಚರ್ ಆದ ಗಾಡಿಯಂತೆ ಒಂದು ಪಕ್ಕಕ್ಕೆ ವಾಲುತ್ತ ನಾಲ್ಕು ಹೆಜ್ಜೆ ಬಂದು ನೆಲದ ಮೇಲೆ ಕುಸಿಯಿತು. ಕಣ್ಣು ತೆರೆದೇ ಇತ್ತು, ಆದರೆ ಅವನನ್ನು ನೋಡುತ್ತಿರಲಿಲ್ಲ.

ನಿಧಾನಣ್ಣ ಸೋಪಿನ ಕೈಯಲ್ಲೇ ಫೋನು ಒತ್ತಿದ. ಮೊದಲ ರಿಂಗಿಗೇ ಅಕ್ಕ ಎತ್ತಿದಳು.

"ಅಕ್ಕಾ, ದೊರೆಗೆ ಸಂಜೆ ಸೂಜಿ ಹಾಕಿದ್ಯಾ ನೀನು?"



"ಆರೂವರೆವರೆಗೂ ಕಾದು ನೋಡಿ ಹಾಕ್ದೆ. ಲೋಟ ನೆಟ್ಟಗೆ ಇಟ್ಟಿದ್ನಲ್ಲ?"

"ಬಿದ್ದೋಗಿತ್ತು ಕಣಕ್ಕಾ. ನಾನು..."

"ನೀನೂ ಹಾಕ್ದ್ಯಾ?"

ಅವನು ಹೂಂ ಎಂದ. ಅವಳು ಬೈಯಲಿಲ್ಲ. "ಸಕ್ಕರೆ ನೀರು ಮಾಡು, ಗಟ್ಟಿಯಾಗಿ. ಬೆರಳಲ್ಲಿ ಒಸಡಿಗೆ ಸವರು. ಬಾಯಿಗೆ ಹುಯ್ಯಬೇಡ, ಉಸಿರಿಗೆ ಹೋಗುತ್ತೆ. ಟ್ಯಾಕ್ಸಿ ಹಿಡಿ. ನಾನು ಡಾಕ್ಟ್ರ ಹತ್ರಕ್ಕೇ ಬರ್ತೀನಿ" ಎಂದಳು. ಅಮ್ಮನ ಸಕ್ಕರೆ ಇಳಿದಾಗ ಮಾಡುತ್ತಿದ್ದದ್ದು ಇಬ್ಬರಿಗೂ ಬಾಯಿಪಾಠವಿತ್ತು, ಆದರೂ ಅವಳು ಹೇಳಿದಳು, ಅವನು ಕೇಳಿಸಿಕೊಂಡ. ಅವಸರದಲ್ಲಿ ಅರ್ಧ ಸಕ್ಕರೆ ನೆಲಕ್ಕೆ ಚೆಲ್ಲಿತು.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಅವನು ಒಸಡಿಗೆ ಬೆರಳಾಡಿಸುತ್ತಲೇ ಇದ್ದ. ಟ್ಯಾಕ್ಸಿಯವನು ತಿರುವಿನಲ್ಲಿ ನಿಧಾನ ಮಾಡಿದಾಗ ನಿಧಾನಣ್ಣನಿಗೇ ಸಿಟ್ಟು ಬಂತು. "ಸ್ವಲ್ಪ ಬೇಗ ಹೋಗಪ್ಪಾ" ಎಂದ. ಊರಿಗೆಲ್ಲ ನಿಧಾನ ಕಲಿಸಿದವನ ಬಾಯಿಂದ ಬಂದ ಮಾತು. ಆಗಲೇ ಅವನಿಗೆ ಡಾಕ್ಟರಮ್ಮ ಮೊದಲ ದಿನ ಹೇಳಿದ್ದು ನೆನಪಾಯಿತು: "ಅನುಮಾನ ಬಂದ್ರೆ ಹಾಕ್ಬೇಡಿ. ಒಂದು ಸೂಜಿ ತಪ್ಪಿದ್ರೆ ಏನೂ ಆಗಲ್ಲ, ಎರಡು ಸಲ ಆದ್ರೆ ಜೀವಕ್ಕೇ ಬರುತ್ತೆ." ಹೇಳಿದ್ದರು, ಖಂಡಿತ ಹೇಳಿದ್ದರು. ಅಕ್ಕನ ಕಡೆ ನೋಡಬಾರದೆಂದು ಅವನು ಆಗ ಗೋಡೆಯ ಮೇಲಿನ ನಾಯಿಮರಿಯ ಚಿತ್ರ ನೋಡುತ್ತಿದ್ದ. ಕಿವಿಗೆ ಬಿದ್ದದ್ದು ತಲೆಗೆ ಹೋಗಿರಲಿಲ್ಲ.

ಟವೆಲಿನೊಳಗಿನ ಮೈ ಒಮ್ಮೆ ಸೆಟೆದು ಅದುರಿತು. ಆಮೇಲೆ ಸಡಿಲವಾಯಿತು. ಸತ್ತೇಹೋಯಿತೆಂದು ಅವನು ಕಿವಿಯನ್ನು ಅದರ ಎದೆಗೆ ಇಟ್ಟ. ಬಡಿಯುತ್ತಿತ್ತು, ಬಹಳ ಬೇಗ ಬೇಗ. ಅಮ್ಮನನ್ನು ನೋಡಿಕೊಂಡ ಹಾಗೇ, ಎಂದಿತು ತಲೆಯೊಳಗಿನ ದನಿ. ಈ ಸಲ ಹೌದು ಎಂದ ಅವನು. ಈ ಸಲ ಅಕ್ಕ ಅಂದರೂ ಅನ್ನಲಿ, ತಲೆ ತಗ್ಗಿಸಿ ಕೇಳುತ್ತೇನೆ, ಬೆಕ್ಕೊಂದು ಉಳಿಯಲಿ.

ಅಕ್ಕ ಅವನಿಗಿಂತ ಮೊದಲೇ ಬಂದು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತಿದ್ದಳು. ಕುತ್ತಿಗೆಯಲ್ಲಿ ಕೌಂಟರಿನ ಗುರುತಿನ ಚೀಟಿ ಹಾಗೇ ನೇತಾಡುತ್ತಿತ್ತು. ಬೆಕ್ಕನ್ನು ಅವನ ಕೈಯಿಂದ ತೆಗೆದುಕೊಂಡು ನೇರ ಒಳಗೆ ನಡೆದಳು. ಡಾಕ್ಟರಮ್ಮ ಮೇಜಿನ ಮೇಲೆ ಮಲಗಿಸಿ, ಕಾಲಿನ ಕೂದಲು ಬೋಳಿಸಿ, ನರ ಹುಡುಕಿ ಗ್ಲೂಕೋಸ್ ಹಾಕಿದರು. "ನೀವಿಬ್ಬರೂ ಹೊರಗೆ ಕೂತಿರಿ" ಎಂದರು.

ಹೊರಗೆ ಒಂದೇ ಬೆಂಚು. ಇಬ್ಬರೂ ಅದರ ಎರಡು ತುದಿಯಲ್ಲಿ ಕೂತರು. ಎದುರಿಗೆ ಒಬ್ಬಳು ಮುದುಕಿ ಆಮೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಅದರ ಜೊತೆ ಮೆಲ್ಲಗೆ ಮಾತಾಡುತ್ತಿದ್ದಳು. ಬಾಗಿಲಿನಾಚೆ ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಇಬ್ಬರೂ ಒಟ್ಟಿಗೆ ಏಳುತ್ತಿದ್ದರು, ಒಟ್ಟಿಗೆ ಕೂರುತ್ತಿದ್ದರು. ನಿಧಾನಣ್ಣ ಆ ಮಾತಿಗಾಗಿ ಕಾಯುತ್ತಿದ್ದ. ಬರಲಿಲ್ಲ. ಕೊನೆಗೆ ಕಾಯಲಾರದೆ ತಾನೇ ಅಂದ:

"ನಾನೊಂದು ಫೋನು ಮಾಡ್ಬೇಕಿತ್ತು."

"ನಾನೂ ಮಾಡ್ಬೇಕಿತ್ತು" ಎಂದಳು ಅಕ್ಕ. "ಹಾಕಿದೀನಿ ಅಂತ ಹೇಳೋಕೆ. ಫೋನು ತೆಗೆದೆ ಕಣೋ. ಮತ್ತೆ ಲೋಟ ಇದೆಯಲ್ಲ ಅಂತ ಒಳಗಿಟ್ಟೆ."

ಅಷ್ಟು ಹೇಳಿ ಮೂಗು ಒರೆಸಿಕೊಂಡಳು. ಬೆಂಚಿನ ಮೇಲೆ ಇಬ್ಬರ ನಡುವೆ ಖಾಲಿ ಟವೆಲು ಬಿದ್ದಿತ್ತು. ಅವಳು ಅದನ್ನು ಎಳೆದುಕೊಂಡು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಆಮೆಯ ಮುದುಕಿ ಹೋದ ಮೇಲೆ ಬಹಳ ಹೊತ್ತಿಗೆ ಬಾಗಿಲು ತೆರೆಯಿತು. ಡಾಕ್ಟರಮ್ಮ ಗ್ಲೌಸು ಕಳಚುತ್ತ ಬಂದರು. "ತಲೆ ಎತ್ತಿದ್ದಾನೆ. ನರ್ಸಿನ ಕೈ ಒಮ್ಮೆ ಪರಚಿಯೂ ಆಯ್ತು. ಬೆಳಿಗ್ಗೆವರೆಗೆ ಇಲ್ಲೇ ಇರ್ಲಿ, ರಕ್ತ ನೋಡ್ತಾ ಇರ್ತೀವಿ. ಇನ್ನು ಭಯ ಇಲ್ಲ." ಅಕ್ಕ ಗೋಡೆಗೆ ಒರಗಿಕೊಂಡಳು.

"ಆದ್ರೆ ಇದು ಹೀಗೇ ನಡೀಬಾರದು" ಎಂದರು ಡಾಕ್ಟರಮ್ಮ, ಈಗ ದನಿ ಬಿಗಿಯಾಗಿತ್ತು. "ಸೂಜಿಯ ಜವಾಬ್ದಾರಿ ಒಬ್ಬರೇ ತಗೋಬೇಕು. ಇನ್ನೊಬ್ಬರು ಹಾಕೋದಿದ್ರೆ ಅವರನ್ನ ಕೇಳಿ ಹಾಕ್ಬೇಕು. ಯಾರು ತಗೋತೀರಿ?"

ನಿಧಾನಣ್ಣ ನೆಲ ನೋಡಿದ. ಅಕ್ಕನ ಹೆಸರು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಅಂದಳು:

"ಇವನೇ ತಗೊಳ್ಲಿ ಡಾಕ್ಟ್ರೇ."

"ಇವತ್ತು ಎರಡನೇ ಸಲ ಹಾಕಿದ್ದು ಇವರೇ ಅಲ್ವಾ?"

"ಹೌದು. ಆದ್ರೂ ಇವನೇ. ನಮ್ಮಮ್ಮನ್ನ ನೋಡ್ಕೊಂಡಿದ್ದು ಇವನು." ಅವಳು ತಮ್ಮನ ಕಡೆ ನೋಡಲಿಲ್ಲ, ಡಾಕ್ಟರಮ್ಮನನ್ನೇ ನೋಡುತ್ತ ಹೇಳಿದಳು. "ನನ್ನ ಪಾಳಿ ಬಂದ್ರೆ ಅಮ್ಮ ಮುಖ ಹಿಂಡ್ತಿದ್ಲು. ಇವನ ಕೈ ಹಗುರ. ಸೂಜಿ ಹಾಕಿದ್ದೇ ಗೊತ್ತಾಗ್ತಿರಲಿಲ್ಲ ಅಂತಿದ್ಲು. ಒಂದು ದಿನಾನೂ ತಪ್ಪಿಸಿದವನಲ್ಲ."

ನಿಧಾನಣ್ಣನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಟ್ಯಾಕ್ಸಿ ನೋಡ್ತೀನಿ ಎಂದು ಗೊಣಗಿ ಹೊರಗೆ ಬಂದ. ರಸ್ತೆಯಲ್ಲಿ ಎರಡು ಖಾಲಿ ಟ್ಯಾಕ್ಸಿಗಳು ಅವನ ಮುಂದೆಯೇ ಹೋದವು. ಅವನಿಗೆ ಕಾಣಿಸಲಿಲ್ಲ, ಕಣ್ಣು ತುಂಬಿತ್ತು.

ಮರುದಿನ ದೊರೆ ಮನೆಗೆ ಬಂತು. ಒಂದು ಕಾಲು ಬೋಳು, ಗತ್ತು ಮೊದಲಿನದೇ. ಬಂದದ್ದೇ ಮನೆಯ ಮೂಲೆ ಮೂಲೆಯನ್ನೂ ಮೂಸಿ, ಇವರಿಬ್ಬರು ತಾನಿಲ್ಲದಾಗ ಏನು ಮಾಡಿಕೊಂಡಿದ್ದರೋ ಎಂದು ತನಿಖೆ ಮಾಡಿತು. ಸಂಜೆ ನಿಧಾನಣ್ಣ ಪಾಳಿ ಮುಗಿಸಿ ಹೊತ್ತಿಗೆ ಸರಿಯಾಗಿ ಬಂದ. ಫ್ರಿಜ್ಜಿನ ಮೇಲೆ ಏನೂ ಇರಲಿಲ್ಲ. ನೆಲ ನೋಡಿದ, ಕಟ್ಟೆಯ ಬುಡ ನೋಡಿದ.

"ಏನು ಹುಡುಕ್ತಿದೀಯಾ?" ಅಕ್ಕ ಹಿಂದಿನಿಂದ ಬಂದಳು. ಅಮ್ಮನ ಲೋಟ ಅವಳ ಕೈಯಲ್ಲಿತ್ತು. ಅಂಚಿಗೆ ಬಿದ್ದ ಹೊಸ ನೆಗ್ಗು ಎದ್ದು ಕಾಣುತ್ತಿತ್ತು. ಅದರ ತುಂಬ ನೀರಿತ್ತು. "ತಗೋ, ಬಿಸಿಲಲ್ಲಿ ಬಂದಿದೀಯಾ."

ಅವನು ನಿಂತಲ್ಲೇ ಗಟಗಟ ಕುಡಿದ. ದೊರೆ ಬಂದು ಇಬ್ಬರ ಕಾಲ ನಡುವೆ ಕೂತು, ಬಟ್ಟಲಿನ ಕಡೆ ಒಮ್ಮೆ, ಇವರ ಮುಖದ ಕಡೆ ಒಮ್ಮೆ ನೋಡಿತು. ಅಕ್ಕ ಅಭ್ಯಾಸಬಲದಿಂದ ಬಗ್ಗಿ, "ದೊರೆ, ನಿನ್ನ ಮಾವನಿಗೆ ಹೇಳು..." ಎಂದು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿ ನೆಟ್ಟಗೆ ನಿಂತಳು.

ಗಡಿಯಾರದಲ್ಲಿ ಆರಾಗಿತ್ತು. ನಿಧಾನಣ್ಣ ಫ್ರಿಜ್ಜಿನ ಬಾಗಿಲು ತೆಗೆದು ಶೀಶೆ ಕೈಗೆತ್ತಿಕೊಂಡ. ಎತ್ತಿಕೊಂಡವನು ಹಾಗೇ ನಿಂತು ತಿರುಗಿ ನೋಡಿದ.

"ಹಾಕ್ಲಾ ಅಕ್ಕಾ?"

"ಹಾಕು" ಎಂದಳು ಅಕ್ಕ. "ನಾನು ಹಾಕಿಲ್ಲ."